ಮಿಣುಕುವ ಎನ್ ಅಕ್ಷರ

ನನಗೆ ಸುಮ್ಮನೆ ಕೂತು ಕಾಯುವುದು ಬರುವುದಿಲ್ಲ. ಹಾಲು ಕಾಯಿಸಲು ಇಟ್ಟರೆ ಅದು ಉಕ್ಕುವಷ್ಟರಲ್ಲಿ ಕಟ್ಟೆ ಒರೆಸಿ, ಡಬ್ಬಿಗಳ ಮುಚ್ಚಳ ಬಿಗಿ ಮಾಡಿ, ಕಿಟಕಿಯಿಂದ ಓಣಿಯನ್ನೊಮ್ಮೆ ಇಣುಕಿ ಬಂದಿರುತ್ತೇನೆ. ಹಾಲು ಮಾತ್ರ ಒಲೆಯ ಪಾಲಾಗಿರುತ್ತದೆ. ನಮ್ಮ ಮನೆಯವರು ಇದಕ್ಕೆ ಚಡಪಡಿಕೆಯ ರೋಗ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ. ಹಾಲುಗಲ್ಲದ ವಯಸ್ಸಿನಲ್ಲಿ ಪೋಲಿಯೊ ಬಂದು ನನ್ನ ಎಡಗಾಲು ಸೊರಗಿ ನಿಂತಿತು. ಅಲ್ಲಿಂದ ಮುಂದೆ ನನ್ನ ಬಾಲ್ಯವೆಲ್ಲ ಕಾಯುವುದರಲ್ಲೇ ಹೋಯಿತು. ಯಾರಾದರೂ ಎತ್ತಿ ಕಟ್ಟೆಯ ಮೇಲೆ ಕೂರಿಸಬೇಕು, ಯಾರಾದರೂ ಇಳಿಸಬೇಕು, ಯಾರಾದರೂ ಸಾಲಿಗೆ ಬಿಟ್ಟು ಯಾರಾದರೂ ಕರೆತರಬೇಕು. ಒಂದು ಜನ್ಮಕ್ಕೆ ಸಾಕಾಗುವಷ್ಟು ಕಾದಿದ್ದೇನೆ, ಇನ್ನು ಮೇಲೆ ಆಗುವುದಿಲ್ಲ ಎಂದು ಮೈಯೇ ತೀರ್ಮಾನ ಮಾಡಿದಂತಿದೆ.

ಆ ಕಾಲದಲ್ಲಿ ನಾನು ಅಲುಗಾಡದೆ ಕೂತದ್ದು ಒಂದೇ ಕೆಲಸಕ್ಕೆ. ನನ್ನ ತವರು ಕುಂದಗೋಳ ತಾಲೂಕಿನ ಕುಬಿಹಾಳ. ಕಾರ ಹುಣ್ಣಿಮೆಯ ಬೆಳಿಗ್ಗೆ ಅಪ್ಪ ಎತ್ತುಗಳನ್ನು ಕೆರೆಗೆ ಹೊಡೆದುಕೊಂಡು ಹೋಗುವಾಗ ನನ್ನನ್ನೂ ಹೆಗಲ ಮೇಲೆ ಹೊತ್ತು ಒಯ್ಯುತ್ತಿದ್ದ. ದಂಡೆಯ ಕಲ್ಲಿನ ಮೇಲೆ ಕೂರಿಸಿ, ಎತ್ತನ್ನು ನನ್ನ ಮಗ್ಗುಲಿಗೆ ತಂದು ನಿಲ್ಲಿಸಿ, "ಕಿವಿ ಮುಚ್ಚವ್ವಾ" ಎನ್ನುತ್ತಿದ್ದ. ನಾನು ಎರಡು ಅಂಗೈಯಿಂದ ಎತ್ತಿನ ಕಿವಿ ಮುಚ್ಚಿ ಹಿಡಿಯಬೇಕು, ಅವನು ತಲೆಯ ಮೇಲೆ ನೀರು ಸುರಿಯಬೇಕು. ಕಿವಿಯೊಳಗೆ ನೀರು ಹೊಕ್ಕರೆ ಎತ್ತು ನೊಗದ ಕೆಳಗೆ ತಲೆ ಕೊಡವುತ್ತದೆ, ಹೊಡೆಯುವವನ ಮಾತು ಕೇಳುವುದಿಲ್ಲ ಎಂದು ಅವನ ಲೆಕ್ಕ. ಕಾಲು ಬೇಡದ ಕೆಲಸ ಅದು, ಬರೀ ಕೈ ಸಾಕು. ಬಿಸಿ ಕಿವಿ ಅಂಗೈಯೊಳಗೆ ಪಟಪಟ ಬಡಿದುಕೊಳ್ಳುವಾಗ ನಾನು ಉಸಿರೂ ಬಿಡುತ್ತಿರಲಿಲ್ಲ.

ಈಗ ನಾನು ಇರುವುದು ಕಲಘಟಗಿಯಲ್ಲಿ, ಮಿಶ್ರಿಕೋಟಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನನ್ನ ಹತ್ತಿರ ಒಂದು ಸಣ್ಣ ಕಾರು ಇದೆ, ಕ್ಲಚ್ಚಿನ ಪೆಡಲ್ಲು ಇಲ್ಲದ ಕಾರು. ಗೇರನ್ನು ಅದೇ ಹಾಕಿಕೊಳ್ಳುತ್ತದೆ, ಅದೇ ಬದಲಿಸುತ್ತದೆ. ಬಲಗಾಲೊಂದಿದ್ದರೆ ಸಾಕು, ಎಡಗಾಲು ಬಾಜುಕ್ಕೆ ಆರಾಮ ಇರಬಹುದು. ಆ ಗಾಡಿ ಮನೆಗೆ ಬಂದ ದಿನ ನಾನು ಯಾರನ್ನೂ ಕರೆಯದೆ ಒಬ್ಬಳೇ ಮಿಶ್ರಿಕೋಟಿ ದಾಟಿ ಹುಬ್ಬಳ್ಳಿಯ ತನಕ ಹೋಗಿ, ಅಲ್ಲಿ ಏನೂ ಕೆಲಸವಿಲ್ಲದೆ ತಿರುಗಿ ಬಂದೆ. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದವರಿಗೆ ಎಲ್ಲಿಗೂ ಇಲ್ಲ ಎಂದೆ. ಆ ಉತ್ತರ ಕೊಡುವಾಗ ಆದ ಸಂತೋಷ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ಆಷಾಢದ ಜಿಟಿಜಿಟಿ ಮಳೆಯ ಒಂದು ಬೆಳಿಗ್ಗೆ ಆ ಗಾಡಿ ಮಿಶ್ರಿಕೋಟಿಯ ಬಸ್ ನಿಲ್ದಾಣದ ಎದುರು ನಿಂತುಬಿಟ್ಟಿತು. ಎಂಜಿನ್ ಓಡುತ್ತಿತ್ತು. ಆ್ಯಕ್ಸಿಲರೇಟರ್ ಒತ್ತಿದರೆ ಗರ್ ಅನ್ನುತ್ತಿತ್ತು, ಆದರೆ ಗಾಲಿ ಹೊರಳಲೊಲ್ಲದು. ಮೀಟರಿನಲ್ಲಿ ಗೇರಿನ ಅಂಕಿ ತೋರಿಸುವ ಜಾಗದಲ್ಲಿ ಎನ್ ಅಕ್ಷರ ಮಿಣಮಿಣ ಮಿಣುಕುತ್ತಿತ್ತು. ಎನ್ ಅಂದರೆ ನ್ಯೂಟ್ರಲ್, ಯಾವ ಗೇರಿನಲ್ಲೂ ಇಲ್ಲ ಎಂದರ್ಥ. ಗೇರಿನ ಹಿಡಿಯನ್ನು ಮುಂದೆ ತಳ್ಳಿದೆ, ಹಿಂದೆ ಎಳೆದೆ, ಗಾಡಿ ಆರಿಸಿ ಮತ್ತೆ ಚಾಲೂ ಮಾಡಿದೆ. ಎನ್ ಮಿಣುಕುವುದು ನಿಲ್ಲಲಿಲ್ಲ. ಹಿಂದೆ ಬಸ್ಸಿನವನು ಹಾರ್ನು ಬಡಿಯುತ್ತಿದ್ದ. ಚಹಾದಂಗಡಿಯಿಂದ ನಾಲ್ಕು ಜನ ಬಂದು, "ಪೆಟ್ರೋಲ್ ಖಾಲಿ ಆಗೇತೇನ್ರಿ ಅಕ್ಕಾರ?" ಎಂದು ಕೇಳುತ್ತಲೇ ಗಾಡಿಯನ್ನು ಬಾಜುಕ್ಕೆ ತಳ್ಳಿದರು. ನಾನು ಒಳಗೆ ಕೂತು ಸ್ಟೇರಿಂಗ್ ಹಿಡಿದುಕೊಂಡಿದ್ದೆ. ಬಹಳ ವರ್ಷಗಳ ಮೇಲೆ ನನ್ನನ್ನು ಮತ್ತೆ ಯಾರೋ ಹೊತ್ತು ಇಟ್ಟಂತೆ ಅನಿಸಿ, ಅವರಿಗೆ ಉಪಕಾರ ಆತ್ರಿ ಎನ್ನುವಾಗಲೂ ನನ್ನ ಮುಖ ಗಂಟು ಹಾಕಿಕೊಂಡಿತ್ತು.

ಹುಬ್ಬಳ್ಳಿ ಮುಟ್ಟುವ ಮೊದಲೇ ರಸ್ತೆಯ ಮಗ್ಗುಲಿಗೆ ಒಂದು ಗ್ಯಾರೇಜಿದೆ. ಗಾಡಿಯನ್ನು ಎಳೆಸಿಕೊಂಡು ಅಲ್ಲಿಗೆ ಒಯ್ದೆ. ಅಲ್ಲಿನ ಮೇಸ್ತ್ರಿ ಮಾತುಗಾರ. ಯಾವ ಗಾಡಿ ಬಂದರೂ ಅದನ್ನು 'ಇಕಿ' ಎಂದೇ ಕರೆಯುತ್ತಾನೆ. "ಇಕಿಗೇನೂ ಆಗಿಲ್ರಿ, ಬ್ಯಾಟರಿ ಇಳದೈತಿ" ಎಂದು ಬ್ಯಾಟರಿ ಬದಲಿಸಿದ. ವಾರದೊಳಗೆ ಮತ್ತೆ ಎನ್ ಮಿಣುಕಿತು. ಎರಡನೇ ಸಲ ಅವನು ನನ್ನ ಕಾಲುಗಳ ಕಡೆ ಒಂದು ನೋಟ ಬೀರಿ, "ಮೇಡಮ್ಮಾರ, ನೀವು ಹೊಡಿಯೂಮುಂದ ಬ್ರೇಕ್ ಮ್ಯಾಲೆ ಕಾಲ ಇಟ್ಟಿರತೀರೇನ್ರಿ? ಹಂಗ ಇಟ್ರ ಇಕಿಗೆ ತಲಿ ಕೆಡತೈತಿ" ಎಂದ.

"ಇರೂದೊಂದು ಕಾಲು. ಎರಡೂ ಪೆಡಲ್ ಮ್ಯಾಲೆ ಹೆಂಗ ಇಡ್ಲಿ?" ಎಂದೆ.

ಅವನು ಬಾನೆಟ್ಟಿನೊಳಗೆ ತಲೆ ಹಾಕಿದ. ನನ್ನ ಸಿಟ್ಟು ಇಳಿಯಲು ಮಾತ್ರ ಒಂದು ದಿನ ಹಿಡಿಯಿತು. ನಾಲ್ಕಾರು ವರ್ಷ ಗಾಡಿ ಓಡಿಸಿದ ಮೇಲೂ ಏನಾದರೂ ಕೆಟ್ಟರೆ ಮೊದಲು ಕಣ್ಣು ಬೀಳುವುದು ನನ್ನ ಕಾಲಿನ ಮೇಲೆಯೇ.

ಮೂರನೇ ಸಲಕ್ಕೆ ಅವನು ಹುಬ್ಬಳ್ಳಿಯಿಂದ ಸ್ಕ್ಯಾನರ್ ಇರುವ ಒಬ್ಬ ಟೆಕ್ನಿಷಿಯನ್ನನನ್ನು ಕರೆಸಿದ. ಬಂದವನು ಮಿತಭಾಷಿ, ಮೇಸ್ತ್ರಿಯ ತದ್ವಿರುದ್ಧ. ಸ್ಟೇರಿಂಗಿನ ಕೆಳಗೆ ವಾಯರು ಸಿಕ್ಕಿಸಿ ಪರದೆ ನೋಡಿ, "ಗೇರಿನ ಮಾಡ್ಯೂಲ್ ಮಾತಾಡವಲ್ದು" ಎಂದ. ಗೇರ್ ಯಾವಾಗ ಹಾಕಬೇಕು, ಕ್ಲಚ್ ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಎಂದು ಹೇಳುವ ಒಂದು ಕರಿ ಡಬ್ಬಿ ಬಾನೆಟ್ಟಿನೊಳಗೆ ಬ್ಯಾಟರಿಯ ಮಗ್ಗುಲಿಗೆ ಇರುತ್ತದಂತೆ. ಉಳಿದ ಡಬ್ಬಿಗಳು ಅದನ್ನು ಕೂಗಿ ಕೂಗಿ ಕರೆದರೂ ಅದು ಒಮ್ಮೆ ಓಗೊಡುತ್ತದೆ, ಒಮ್ಮೆ ಇಲ್ಲ. ಅದನ್ನು ಬದಲಿಸಬೇಕು, ಬೇರೆ ದಾರಿಯಿಲ್ಲ ಎಂದ. ಪಾರ್ಟು ಹೊರಗಿನಿಂದ ಬರಬೇಕು.

"ಹಳೇದೊಂದು ಸಿಗತೈತ್ರಿ, ನಾಳಿಗೇ ಹಾಕಿಬಿಡಬಹುದು" ಎಂದು ಮೇಸ್ತ್ರಿ ನಡುವೆ ಬಾಯಿ ಹಾಕಿದ.

"ಹಳೇದರ ತಲಿಯೊಳಗ ಬ್ಯಾರೆ ಗಾಡಿ ಕುಂತಿರತೈತಿ" ಎಂದ ಟೆಕ್ನಿಷಿಯನ್. "ಹೊಸಾದನ್ನ ಹಾಕಸ್ರಿ ಮೇಡಮ್. ನಿಮ್ಮ ಗಾಡಿನ ಅದು ಮೊದಲಿಂದ ಕಲೀಲಿ."

ಹೊಸದನ್ನೇ ತರಿಸಲು ಹೇಳಿದೆ. ಹೇಳಿ ಬಂದ ಮರುದಿನದಿಂದ ಫೋನ್ ಮಾಡಲು ಶುರು ಮಾಡಿದೆ. ಪ್ರಾರ್ಥನೆಯಾದ ಮೇಲೊಂದು, ಊಟದ ಬಿಡುವಿನಲ್ಲೊಂದು, ಸಂಜೆ ಮನೆಗೆ ಬಂದ ಮೇಲೆ ಇನ್ನೊಂದು. ಕಡೆಕಡೆಗೆ ಮೇಸ್ತ್ರಿ ಹಲೋ ಎನ್ನುವುದನ್ನೂ ಬಿಟ್ಟು, "ಬಂದಿಲ್ರಿ" ಎಂದೇ ಫೋನ್ ಎತ್ತುತ್ತಿದ್ದ.

ಆ ದಿನಗಳಲ್ಲಿ ನಾನು ಬಸ್ಸಿಗೆ ಹೋಗುತ್ತಿದ್ದೆ. ನಮ್ಮ ಬಸ್ಸಿನ ಮೊದಲ ಮೆಟ್ಟಲು ನೆಲದಿಂದ ಎಷ್ಟು ಎತ್ತರ ಎಂಬುದು ಎರಡು ಕಾಲೂ ನೆಟ್ಟಗಿರುವವರಿಗೆ ಗೊತ್ತಾಗುವುದಿಲ್ಲ. ಸರಳು ಹಿಡಿದು, ಬಲಗಾಲನ್ನು ಮೇಲಿಟ್ಟು, ಮೈಯನ್ನೆಲ್ಲ ತೋಳಿನಿಂದ ಎಳೆದುಕೊಳ್ಳಬೇಕು. ಮಳೆಗಾಲದಲ್ಲಿ ಸರಳು ಜಾರುತ್ತದೆ. ಹಿಂದೆ ನಿಂತವರು ಒಳ್ಳೆಯ ಮನಸ್ಸಿನಿಂದಲೇ ಸೊಂಟಕ್ಕೆ ಕೈ ಕೊಟ್ಟು ನೂಕುತ್ತಾರೆ, ಕಂಡಕ್ಟರು, "ಸಾವಕಾಶ ಅಕ್ಕಾರ, ಸಾವಕಾಶ" ಎನ್ನುತ್ತಾನೆ, ಯಾರೋ ಎದ್ದು ಸೀಟು ಬಿಡುತ್ತಾರೆ. ಒಬ್ಬರದೂ ತಪ್ಪಿಲ್ಲ. ತಪ್ಪಿಲ್ಲದವರ ಮೇಲೆ ಸಿಟ್ಟು ಮಾಡುವಂತಿಲ್ಲ, ಅದಕ್ಕೇ ಸಿಟ್ಟು ಒಳಗೇ ಕುದಿಯುತ್ತಿತ್ತು. ಕ್ಲಾಸಿನಲ್ಲಿ ಬೀಜಗಣಿತ ಕಲಿಸುವಾಗಲೂ ಸಂಜೆಯ ಬಸ್ಸಿನ ಮೆಟ್ಟಲೇ ಕಣ್ಣ ಮುಂದೆ ಬರುತ್ತಿತ್ತು.

ನಮ್ಮ ಮನೆಯವರದು ಬೀಜ ಗೊಬ್ಬರದ ಅಂಗಡಿ. ಅವರು ಸಮಾಧಾನದ ಮನುಷ್ಯ, ಆ ಸಮಾಧಾನವೇ ನನಗೆ ಆಗಾಗ ತಲೆನೋವು. ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದರು, "ಹೊಸಾ ಡಬ್ಬಿ ಹಾಕ್ಸೂಣು. ಆದ್ರ ಇನ್ನೊಮ್ಮೆ ಹಿಂಗಾತಂದ್ರ ಮಾರಿಬಿಡೂಣು. ನಡು ರಸ್ತೇದಾಗ ಹಿಂದಿಂದ ಲಾರಿ ಬಂದ್ರ ಏನ್ ಗತಿ? ನಾನ ದಿನಾ ಬೈಕಿನ ಮ್ಯಾಲೆ ಬಿಟ್ಟ ಬರತೇನಿ."

"ಅಂಗಡಿ ಯಾರ್ ತಗೀತಾರ?"

"ತಡಾ ಮಾಡಿ ತಗದ್ರಾತು."

"ಸಂಜಿಮುಂದ?"

"ಬರತೇನಲ್ಲ. ಸ್ವಲ್ಪ ಹೊತ್ತ ಕಾಯಿ."

ಆ ಕಡೆಯ ಮಾತು ಕೇಳಿ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿಟ್ಟೆ. ಅವರು ಪ್ರೀತಿಯಿಂದಲೇ ಹೇಳಿದ್ದರು, ಸುಳ್ಳಲ್ಲ. ಆದರೆ ನನಗೆ ಕಂಡದ್ದು ನಿವೃತ್ತಿಯ ತನಕ ಸಾಲಿಯ ಕಟ್ಟೆಯ ಮೇಲೆ ಕೂತು ರಸ್ತೆ ನೋಡುವ ಮುಂದಿನ ಇಪ್ಪತ್ತು ವರ್ಷ. ಲಾರಿಯ ಭಯವೂ ನಿಜದ್ದೇ. ಗಾಡಿ ಯಾಕೆ ಕೆಟ್ಟಿತು ಎಂಬುದೇ ಯಾರಿಗೂ ಗೊತ್ತಿರಲಿಲ್ಲ, ಮತ್ತೆ ಕೆಡುವುದಿಲ್ಲ ಎಂದು ಯಾವ ಬಾಯಿಂದ ಹೇಳಲಿ? ಆಯಿತು ಎಂದೆ. ಇನ್ನೊಮ್ಮೆ ಕೆಟ್ಟರೆ ಗಾಡಿ ಹೋಗುತ್ತದೆ ಎಂದು ಅವತ್ತೇ ಗಟ್ಟಿಯಾಯಿತು.

ಪಾರ್ಟು ಬಂದ ದಿನ ನಾನು ಅರ್ಧ ದಿನದ ರಜೆ ಹಾಕಿ ಗ್ಯಾರೇಜಿಗೆ ಹೋದೆ. ಬೇಡ, ನಾವೇ ಫೋನ್ ಮಾಡುತ್ತೇವೆ ಎಂದಿದ್ದರು. ಅವರ ಫೋನಿಗೆ ಕಾಯುವವಳು ನಾನಲ್ಲ. ಕುರ್ಚಿ ಕೊಟ್ಟರು, ಕೂರಲಿಲ್ಲ. ಬಾನೆಟ್ಟಿನ ಅಂಚಿಗೆ ಒರಗಿ ನಿಂತು ಟೆಕ್ನಿಷಿಯನ್ನನ ಕೈ ನೋಡುತ್ತಿದ್ದೆ. ಅವನು ಬ್ಯಾಟರಿಯ ವಾಯರು ಬಿಚ್ಚಿ ಬ್ಯಾಟರಿಯನ್ನು ಎತ್ತಿ ಕೆಳಗಿಟ್ಟ. ಆಗ ಆ ಡಬ್ಬಿ ಇಡಿಯಾಗಿ ಕಂಡಿತು. ಊಟದ ಡಬ್ಬಿಯಷ್ಟು ಅಗಲ, ಕರಿ ಬಣ್ಣ, ಒಂದು ಮಗ್ಗುಲಿಗೆ ದಪ್ಪನೆಯ ವಾಯರಿನ ಗೊಂಚಲು. ಇಷ್ಟು ಸಣ್ಣದಕ್ಕಾಗಿ ನಾನು ಬಸ್ಸಿನ ಸರಳಿಗೆ ಜೋತು ಬಿದ್ದೆನಲ್ಲ ಎಂದುಕೊಂಡೆ.

ಅವನು ಕನೆಕ್ಟರಿನ ಕೊಂಡಿ ಎತ್ತಿ ಗೊಂಚಲನ್ನು ಬಿಡಿಸಿದ. ಒಳಗಿನ ಸಣ್ಣ ಸಣ್ಣ ಪಿನ್ನುಗಳು ಹಸಿರುಗಟ್ಟಿದ್ದವು. ಹುಳಿ ಇಟ್ಟ ಹಿತ್ತಾಳೆ ಪಾತ್ರೆಗೆ ಬರುವ ಕಿಲುಬೇ ಅದು.

"ನೀರು" ಎಂದ. "ಮೇಡಮ್, ಎಂಜಿನ್ ತೊಳ್ಸೀರೇನು? ಸರ್ವಿಸಿಂಗ್‌ದಾಗ ಪಂಪ್ ಹೊಡಸೀರೇನು?"

"ಇಲ್ಲಲ್ಲ. ಯಾವತ್ತೂ ಇಲ್ಲ" ಎಂದೆ. ನಾನು ಹೇಳಿದ್ದು ನಿಜವೆಂದೇ ನಂಬಿದ್ದೆ.

ಅವನು ಬೋಲ್ಟು ಬಿಚ್ಚಿ ಡಬ್ಬಿಯನ್ನು ಹೊರಗೆ ತೆಗೆದು, ಅಂಗೈಯಲ್ಲಿ ಹೊರಳಿಸಿ ನೋಡಿ, "ಇದೇನಿದು, ತುಕ್ಕೇನು?" ಎಂದು ಮೇಸ್ತ್ರಿಗೆ ತೋರಿಸಿದ. ಡಬ್ಬಿಯ ಮೇಲ್ಭಾಗದಲ್ಲಿ ಅಡ್ಡಕ್ಕೆ ಮೂರು ಕೆಂಪು ಗೆರೆಗಳಿದ್ದವು. ಮೇಸ್ತ್ರಿ ಉಗುರಿನಿಂದ ಕೆರೆದು, "ಪ್ಲಾಸ್ಟಿಕ್ಕಿಗೆ ಎಲ್ಲಿ ತುಕ್ಕು ಹಿಡೀತೈತ್ಯೋ. ಕಂಪನಿಯವರು ಗುರ್ತ ಮಾಡಿರಬೇಕು" ಎಂದ.

ನಾನು ಅದನ್ನು ಕೈಗೆ ತೆಗೆದುಕೊಂಡೆ. ಅದು ಹುರಮಂಜು, ಕಾರ ಹುಣ್ಣಿಮೆಗೆ ಎತ್ತಿನ ಮೈಗೆ ಹಚ್ಚುವ ಕೆಂಪು ಮಣ್ಣಿನ ಬಣ್ಣ. ಹಣೆಗೆ ಇಬತ್ತಿ ಧರಿಸುವ ಹಾಗೆ ಮೂರು ಬೆರಳಿನಿಂದ ಎಳೆದ ಗೆರೆ. ನಡುವಿನ ಗೆರೆ ಉಳಿದೆರಡಕ್ಕಿಂತ ತೆಳುವಾಗಿ, ಅಲ್ಲಲ್ಲಿ ಹರಿದಿತ್ತು. ನಮ್ಮಪ್ಪನ ಬಲಗೈ ನಡುಬೆರಳಿನ ತುದಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಹೋಗಿದೆ. ಅವನು ಹಣೆಗೆ ಇಬತ್ತಿ ಹಚ್ಚಿಕೊಂಡರೂ ನಡುವಿನ ಗೆರೆ ಹೀಗೇ ಇರುತ್ತದೆ.

ಎಲ್ಲ ಒಮ್ಮೆಲೇ ಕಣ್ಣಿಗೆ ಕಟ್ಟಿತು. ಗಾಡಿ ಕೆಡುವ ತಿಂಗಳ ಮೊದಲು ಬಂದ ಕಾರ ಹುಣ್ಣಿಮೆ, ಅಪ್ಪ ಎತ್ತು ಮಾರಿದ ಮೇಲಿನ ಮೊದಲನೆಯದು. ಮೊಣಕಾಲು ಸವೆದು ಅವನಿಗೆ ಎತ್ತಿನ ಹಿಂದೆ ನಡೆಯುವುದು ಆಗುತ್ತಿರಲಿಲ್ಲ, ಹೊಲದ ಕೆಲಸವನ್ನೆಲ್ಲ ನನ್ನ ತಮ್ಮ ಟ್ರ್ಯಾಕ್ಟರಿನಲ್ಲಿ ಮಾಡುತ್ತಿದ್ದ. ನಾನು ಹಬ್ಬಕ್ಕೆಂದು ಕುಬಿಹಾಳಕ್ಕೆ ಹೋಗಿದ್ದೆ. ಹಿಂದಿನ ದಿನ ಮಳೆಯಾಗಿ ಎರಿ ಮಣ್ಣಿನ ದಾರಿಯಲ್ಲಿ ಗಾಡಿ ಹೊಟ್ಟೆಯ ತನಕ ರಾಡಿಯಾಗಿತ್ತು. ಅಂಗಳದಲ್ಲಿ ನಿಲ್ಲಿಸಿ ಒಳಗೆ ಹೋಗಿ ಅವ್ವನ ಕೈಯ ಕರಿಗಡಬು ತಿನ್ನುತ್ತ ಕೂತಾಗ ಹೊರಗೆ ನೀರಿನ ಮೋಟರು ಓಡುವ ಸಪ್ಪಳ ಕೇಳಿಸಿತ್ತು. ತಮ್ಮ ಟ್ರ್ಯಾಕ್ಟರ್ ತೊಳೆಯುತ್ತಿದ್ದಾನೆ ಅಂದುಕೊಂಡೆ. ಹೊರಗೆ ಬಂದು ನೋಡಿದರೆ ನನ್ನ ಕಾರು ಫಳಫಳ. ಬಾನೆಟ್ಟಿನ ಮೇಲೆ ಹುರಮಂಜು, ಕನ್ನಡಿಗೆ ಎತ್ತಿನ ಕೊರಳ ಗಂಟೆ. ಅಪ್ಪ ಧೋತರದ ಚುಂಗಿನಿಂದ ಕೈ ಒರೆಸಿಕೊಳ್ಳುತ್ತ, "ಮೈ ತೊಳದೇನಿ, ಒಳಗ ಹೊರಗ ಎಲ್ಲಾ" ಎಂದಿದ್ದ. ಒಳಗೆ ಅಂದರೆ ಸೀಟು ಒರೆಸಿದ್ದಾನೆ ಎಂದು ತಿಳಿದು, ಛಲೋ ಆತು ಬಿಡಪ್ಪಾ ಎಂದು ನಕ್ಕು ಬಂದಿದ್ದೆ.

"ಏನಾತ್ರಿ?" ಎಂದು ಟೆಕ್ನಿಷಿಯನ್ ಕೇಳಿದ.

"ಏನಿಲ್ಲ. ಪೈಪಿಲೆ ಜೋರಾಗಿ ನೀರ ಬಿಟ್ರ ಇದರೊಳಗ ಹೋಗತೈತೇನು?"

"ಜೋರಾಗಿ ಬಿಟ್ರ ಹೋಗದಽ ಏನಾಗತೈತ್ರಿ? ಆವತ್ತಽ ಕೆಡೂದಿಲ್ಲ. ಒಳಗಿಂದೊಳಗ ತಿಂದ್ಕೊಂತ ಬರತೈತಿ."

ಕಾರಣ ಸಿಕ್ಕಿತು. ಆದರೆ ನಿರಾಳವಾಗಲಿಲ್ಲ, ಚಡಪಡಿಕೆ ಇನ್ನಷ್ಟು ಹೆಚ್ಚಿತು. ಮೇಸ್ತ್ರಿಯೋ ಸರ್ವಿಸಿಂಗಿನವನೋ ಮಾಡಿದ್ದರೆ ನಿಂತಲ್ಲೇ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಅಪ್ಪನಿಗೆ ಏನು ಹೇಳಲಿ? ಎತ್ತಿನ ಹಗ್ಗ ಬೇರೆಯವರ ಕೈಗೆ ಕೊಟ್ಟ ದಿನದಿಂದ ಅವನು ಕೊಟ್ಟಿಗೆಯ ಕಡೆ ಮುಖ ಮಾಡಿಲ್ಲ ಎಂದು ಅವ್ವ ಹೇಳಿದ್ದಳು. ಮೈ ತೊಳೆಯಲು ಅವನಿಗೆ ಉಳಿದದ್ದು ನನ್ನ ಗಾಡಿಯೊಂದೇ.

ಹೊಸ ಡಬ್ಬಿ ಹಳೆಯದರ ಜಾಗದಲ್ಲಿ ಕೂತಿತು. ಕನೆಕ್ಟರಿನ ಗೊಂಚಲನ್ನೂ ಬದಲಿಸಿದರು. ಆಮೇಲೆ ಟೆಕ್ನಿಷಿಯನ್ ಲ್ಯಾಪ್‌ಟಾಪ್ ಹಿಡಿದು ಸೀಟಿನಲ್ಲಿ ಕೂತು ಹೊಸದಕ್ಕೆ ಪಾಠ ಶುರು ಮಾಡಿದ. ಬ್ರೇಕ್ ಒತ್ತಿ ಹಿಡಿದು ಒಂದೊಂದೇ ಗೇರು ಹಾಕಿಸಿದ. ಕ್ಲಚ್ಚು ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂದು ಅದು ತಾನೇ ತಡಕಿ ತಿಳಿದುಕೊಳ್ಳಬೇಕಂತೆ. ಬಾನೆಟ್ಟಿನೊಳಗಿಂದ ಟಕ್ ಟಕ್ ಎಂದು ಸಪ್ಪಳ ಬರುತ್ತಿತ್ತು. ಒಮ್ಮೆ ತಪ್ಪಿತು, ಮತ್ತೆ ಮೊದಲಿಂದ ಮಾಡಿಸಿದ. ಎಷ್ಟೋ ಮಕ್ಕಳಿಗೆ ಕೂಡಿಸಿ ಕಳೆಯುವುದನ್ನು ಕಲಿಸಿದ ನಾನು, ಒಂದು ಡಬ್ಬಿ ಪಾಸಾಗಲಿ ಎಂದು ಅಷ್ಟು ಚಡಪಡಿಸಿದ್ದು ಅದೇ ಮೊದಲು. ಕಡೆಗೆ ಎನ್ ಮಿಣುಕುವುದನ್ನು ಬಿಟ್ಟು ಸ್ಥಿರವಾಗಿ ನಿಂತಿತು.

"ಇನ್ನ ರಸ್ತೇದ ಮ್ಯಾಲೆ ಓಡಸಬೇಕು. ನಾ ಒಂದು ರೌಂಡ್ ಹೊಡ್ಕೊಂಡ್ ಬರತೇನಿ" ಎಂದ.

"ನಾನ ಹೊಡೀತೇನಿ, ನೀವು ಬಾಜುಕ್ಕ ಕುಂಡ್ರಿ."

ಅವನು ಒಂದು ಕ್ಷಣ ಅನುಮಾನಿಸಿ ಸರಿದು ಕೂತ. ಕಲಘಟಗಿಯ ದಾರಿ ಹಿಡಿದೆವು. "ಸಾವಕಾಶ ಹೊಡೀರಿ ಮೇಡಮ್. ನೀವು ಕಾಲ ಹೆಂಗ ಇಡತೀರಿ ಅಂತ ನೋಡ್ಕೊಂತ ಅದು ಕಲೀತೈತಿ. ಈಗ ಅವಸರಾ ಕಲಿಸಿದ್ರ ಅವಸರಾನ ಕಲೀತೈತಿ" ಎಂದ. ಒಂದಕ್ಕೆ ಬಿತ್ತು, ಎರಡಕ್ಕೆ ಏರಿತು, ಸ್ವಲ್ಪ ಜಗ್ಗಿ ಮೂರಕ್ಕೆ ಹೋಯಿತು. ಎರಡೂ ಬದಿಗೆ ಭತ್ತದ ಗದ್ದೆ. ನನ್ನ ಸೊರಗಿದ ಕಾಲಿನ ಗೊಡವೆಯಿಲ್ಲದೆ ಬಲಗಾಲನ್ನಷ್ಟೇ ನೋಡಿ ಕಲಿಯುತ್ತಿರುವ ಆ ಡಬ್ಬಿಯ ಮೇಲೆ ನನಗೆ ಅಕ್ಕರೆ ಬಂದುಬಿಟ್ಟಿತು.

ಮನೆಯವರಿಗೆ ನೀರು ಹೋಗಿತ್ತು ಎಂದು ಹೇಳಿದೆ, ಯಾರು ಬಿಟ್ಟ ನೀರು ಎಂದು ಹೇಳಲಿಲ್ಲ. ಮಳೀದಿರಬೇಕು ಎಂದರು. ಇರಬೇಕು ಎಂದೆ.

ಆಮೇಲೆ ಮಹಾನವಮಿ ಹತ್ತಿರ ಬರತೊಡಗಿತು. ನಮ್ಮಲ್ಲಿ ಖಂಡೆ ಪೂಜೆಗೆ ಕುಡಗೋಲಿನಿಂದ ಹಿಡಿದು ಟ್ರ್ಯಾಕ್ಟರಿನ ತನಕ ಎಲ್ಲವನ್ನೂ ತೊಳೆದು ಪೂಜೆ ಮಾಡುತ್ತಾರೆ. ಅಪ್ಪ ಫೋನಿನಲ್ಲಿ, "ಗಾಡಿ ತೊಗೊಂಡ ಬಾರವ್ವಾ, ಮೈ ತೊಳಿಯೂಣು" ಎಂದ. ಅವತ್ತಿನಿಂದ ನನಗೆ ನಿದ್ದೆ ಕೆಟ್ಟಿತು. ಹೋಗದೆ ಇರಬಹುದು. ಕುಂದಗೋಳದಲ್ಲಿ ಗಾಡಿ ನಿಲ್ಲಿಸಿ ತಮ್ಮನ ಬೈಕಿನಲ್ಲಿ ಹೋಗಬಹುದು. ಬಾನೆಟ್ಟಿನ ಬೀಗ ಕೆಟ್ಟಿದೆ ಎನ್ನಬಹುದು. ಒಂದೊಂದು ಉಪಾಯವನ್ನೂ ರಾತ್ರಿ ಹೆಣೆದು ಬೆಳಿಗ್ಗೆ ಬಿಚ್ಚುತ್ತಿದ್ದೆ. ಸುಮ್ಮನಿದ್ದರೆ ಅವನು ಮತ್ತೆ ನೀರು ಬಿಡುತ್ತಾನೆ, ಗಾಡಿ ಮತ್ತೆ ಕೆಡುತ್ತದೆ, ಆಡಿದ ಮಾತಿನ ಪ್ರಕಾರ ಗಾಡಿ ಹೋಗುತ್ತದೆ. ಹೇಳಿದರೆ ಅವನು ಇನ್ನು ಗಾಡಿಯನ್ನು ಮುಟ್ಟುವುದಿಲ್ಲ. ನಮ್ಮಪ್ಪನನ್ನು ನಾನು ಬಲ್ಲೆ. ಒಮ್ಮೆ ಕೈ ತೆಗೆದರೆ ಕೈ ತೆಗೆದಂತೆಯೇ.

ನವಮಿಯ ದಿನ ಕುಬಿಹಾಳದ ಅಂಗಳಕ್ಕೆ ಗಾಡಿ ಹೊಗಿಸುವಾಗಲೇ ಅವನು ಕೈಯಲ್ಲಿ ಪೈಪು ಹಿಡಿದು ನಿಂತಿದ್ದ. ಹೊಸ ರುಮಾಲು ಸುತ್ತಿದ್ದ, ಧೋತರ ಎತ್ತಿ ಕಟ್ಟಿದ್ದ. ಮಗ್ಗುಲಿಗೆ ತಾಟಿನಲ್ಲಿ ಹುರಮಂಜು ಕಲಸಿಟ್ಟಿತ್ತು, ಚೆಂಡು ಹೂವಿನ ಸರವಿತ್ತು. ನಾನು ಎಂಜಿನ್ ಆರಿಸಿದೆ, ಇಳಿಯಲಿಲ್ಲ. ಬಾನೆಟ್ಟು ತೆರೆಯುವ ಹಿಡಿಕೆ ಒಳಗಿರುತ್ತದೆ, ಅದರ ಮೇಲೆ ಕೈಯಿಟ್ಟು ಕೂತೆ. ಅವನು ಬಾನೆಟ್ಟಿನ ಮೇಲೆ ಅಂಗೈ ಬಡಿದ.

"ತಗಿಯವ್ವಾ. ಒಳಗ ಭಾಳ ಹೊಲಸಾಗಿರತೈತಿ."

"ಒಳಗ ಬ್ಯಾಡಪ್ಪಾ."

"ಯಾಕ?"

ಎಷ್ಟೋ ದಿನದಿಂದ ಮೆತ್ತಗಿನ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಬಾಯಿ ತೆರೆದರೆ ಒಂದೂ ಬರಲಿಲ್ಲ. "ಕಾರ ಹುಣ್ಣಿಮಿಗೆ ನೀ ಒಳಗ ನೀರ ಬಿಟ್ಟಿದ್ದಿ. ಆ ನೀರ ಹೋಗಿ ಗೇರಿನ ಡಬ್ಬಿ ಕೆಟ್ಟಿತ್ತು. ನಡು ರಸ್ತೇದಾಗ ನಿಂತಬಿಟ್ಟಿತ್ತು. ಈಗ ಹೊಸಾದು ಹಾಕಸೇನಿ" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವನು ಪೈಪನ್ನು ಕೆಳಗೆ ಬಿಟ್ಟ. ನೀರು ಅಂಗಳದ ತುಂಬ ಹರಿಯಿತು. ಟ್ರ್ಯಾಕ್ಟರಿನ ಹತ್ತಿರವಿದ್ದ ತಮ್ಮ ಓಡಿ ಹೋಗಿ ಮೋಟರು ಬಂದ್ ಮಾಡಿದ.

"ಗಾಡಿ ಕೆಟ್ಟಿತ್ತಂದ್ರ ನೀ ಸಾಲಿಗೆ ಹೆಂಗ ಹೋದಿ?" ಎಂದು ಅಪ್ಪ ಕೇಳಿದ.

"ಬಸ್ಸಿನ್ಯಾಗ."

"ದಿನಾ?"

"ಹೂಂ."

ಅವನು ನನ್ನ ಕಾಲು ನೋಡಲಿಲ್ಲ, ಅಂಗಳದ ನೀರು ನೋಡುತ್ತಿದ್ದ. ನನಗೆ ಅಳು ಬಂತು. ಸಾಲಿಗೆ ನನ್ನನ್ನು ಬಂಡಿಯಲ್ಲಿ ಬಿಡುತ್ತಿದ್ದವನು ಅವನೇ. ಸುಗ್ಗಿಯಿರಲಿ ಬಿತ್ತಿಗೆಯಿರಲಿ, ಎತ್ತುಗಳನ್ನು ಹೊಲದಿಂದ ಹೊಡೆದುಕೊಂಡು ಬಂದು ನನ್ನನ್ನು ಬಿಟ್ಟು ಮತ್ತೆ ಹೊಲಕ್ಕೆ ಹೋಗುತ್ತಿದ್ದ. ನನ್ನನ್ನು ಹೊತ್ತು ತಿರುಗುವುದು ಯಾವುದೇ ಇರಲಿ, ಅದರ ಮೈ ತೊಳೆಯುವುದು ತನ್ನ ಕೆಲಸ ಎಂದು ಅವನು ತಿಳಿದಿದ್ದ.

ಆಮೇಲೆ ಅವನು ತಲೆಯೆತ್ತಿದ. ಕಣ್ಣಲ್ಲಿ ಸಿಟ್ಟಿತ್ತು. "ನಾ ಎತ್ತಿನ ಮೈ ತೊಳದಾವ. ಎತ್ತಿನ ಕಿವಿ ಎಲ್ಲಿರತೈತಿ ನಂಗ ಗೊತ್ತೈತಿ. ಇದರ ಕಿವಿ ಎಲ್ಲೈತಂತ ಯಾರರ ಹೇಳೀರೇನ್ ನಂಗ? ನೀನರ ಹೇಳಿದ್ಯಾ?"

ಇಲ್ಲ ಎಂದೆ.

"ತಗಿ. ತೋರಸು."

ಹಿಡಿಕೆ ಎಳೆದು, ಇಳಿದು ಬಂದು ಬಾನೆಟ್ಟು ಎತ್ತಿ ನಿಲ್ಲಿಸಿದೆ. ಬ್ಯಾಟರಿಯ ಮಗ್ಗುಲಿನ ಕರಿ ಡಬ್ಬಿಯನ್ನು ಬೆರಳು ಮಾಡಿ ತೋರಿಸಿದೆ. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ. ಮುಟ್ಟಲಿಲ್ಲ.

"ಇಷ್ಟ ಸಣ್ಣದು?"

"ಇಷ್ಟಽ."

ಸ್ವಲ್ಪ ಹೊತ್ತು ಹಾಗೇ ಬಗ್ಗಿ ನಿಂತಿದ್ದು, ನೆಟ್ಟಗಾದ. ತಮ್ಮನಿಗೆ ಪೈಪು ಸುತ್ತಿ ಇಡಲು ಹೇಳಿ, ಅವ್ವನನ್ನು ಕೂಗಿ ಬಕೀಟು ಮತ್ತು ಚರಗಿ ತರಿಸಿದ.

"ಕಿವಿ ಮುಚ್ಚವ್ವಾ" ಎಂದ.

"ಅಪ್ಪಾ, ಬಾನೆಟ್ ಹಾಕಿದ್ರ ಸಾಕು. ಹೊರಗಷ್ಟ ತೊಳದ್ರ ನೀರ ಒಳಗ ಬರೂದಿಲ್ಲ."

"ಹೋದ ಸಲಾನೂ ಏನಾಗೂದಿಲ್ಲಂತನಽ ತಿಳಕೊಂಡಿದ್ದೆ ನಾ. ಮುಚ್ಚು."

ಎರಡೂ ಅಂಗೈಯನ್ನು ಡಬ್ಬಿಯ ಮೇಲೆ ಇಟ್ಟೆ. ದಾರಿಯ ಬಿಸಿ ಇನ್ನೂ ಆರಿರಲಿಲ್ಲ. ಅಪ್ಪ ಮೊಣಕಾಲು ಹಿಡಿದುಕೊಂಡು ಕೂತು ಮುಂದಿನ ಗಾಲಿಗೆ ಒಂದೊಂದೇ ಚರಗಿ ನೀರು ಹಾಕಿ ಕೈಯಿಂದ ಉಜ್ಜತೊಡಗಿದ. ಒಂದು ಗಾಲಿಗೆ ಅವನು ತೆಗೆದುಕೊಂಡ ಹೊತ್ತಿನಲ್ಲಿ ನಾನಾಗಿದ್ದರೆ ಇಡೀ ಗಾಡಿ ತೊಳೆದು ಮುಗಿಸುತ್ತಿದ್ದೆ. ಭಾರವೆಲ್ಲ ಬಲಗಾಲಿನ ಮೇಲೆ ಬಿದ್ದು ಅದು ಜುಮುಗುಡುತ್ತಿತ್ತು, ಬೆನ್ನು ಸೆಳೆಯುತ್ತಿತ್ತು. ಹಿಂದಿನ ಗಾಲಿಯ ಕಡೆಯಿಂದ ಅವನ ದನಿ ಬಂತು.

"ಅಲಗ್ಯಾಡಬ್ಯಾಡ ಮತ್ತ."

"ಇಲ್ಲಪ್ಪಾ" ಎಂದೆ.